ಗೊಂಬೆಗಳ ಕೋಣೆಯ ತೇವ

ದಾವಣಗೆರೆಯ ಆನೆಕೊಂಡದ ಕುಬೇರಪ್ಪನವರು ಬೆಳಗಿನ ಬಸ್ಸು ಹತ್ತಿ ಕಂಡಕ್ಟರಿನೊಡನೆ ಆಡುತ್ತಿದ್ದ "ಹರಿಹರ ಒಂದು" ಎಂಬ ಮಾತೇ ಅವರ ದಿನದ ಮೊದಲ ಮಾತು. ಸಂಜೆ ಮರಳುವಾಗ "ದಾವಣಗೆರೆ ಒಂದು" ಎಂದರೆ, ಎಷ್ಟೋ ದಿನ ಅದೇ ಕಡೆಯ ಮಾತೂ ಆಗಿಬಿಡುತ್ತಿತ್ತು. ಮಡದಿ ಭಾಗ್ಯಲಕ್ಷ್ಮಿ ಶಿವನ ಪಾದ ಸೇರಿ ಎಂಟು ವರ್ಷ ಕಳೆದಿದ್ದವು. ಮಕ್ಕಳಿರಲಿಲ್ಲ. ಅರವತ್ತೆರಡರ ಆ ಮನುಷ್ಯನಿಗೆ ಮನೆಯಲ್ಲಿ ಬಾಯಿ ತೆರೆಯಲು ಕಾರಣವೇ ಉಳಿದಿರಲಿಲ್ಲ.

ಹಿಂದೆ ಹೀಗಿರಲಿಲ್ಲ. ದಾವಣಗೆರೆಯ ಹತ್ತಿಗಿರಣಿಯೊಂದರಲ್ಲಿ ಅವರು ಹದಿನಾಲ್ಕು ವರ್ಷ ಗಾಳಿಗೆ ತೇವ ಕೊಡುವ ಕೆಲಸ ಮಾಡಿದ್ದರು. ಗಾಳಿ ಒಣಗಿದರೆ ನೂಲು ಪಟಪಟನೆ ಹರಿಯುತ್ತದೆ. ಎಳೆ ಹರಿಯಿತೆಂದರೆ ನಾಲ್ಕು ದಿಕ್ಕಿನಿಂದಲೂ "ಕುಬೇರಾ, ನೀರು ಬಿಡೋ!" ಎಂಬ ಕೂಗು ಏಳುತ್ತಿತ್ತು. ಇವರು ಕೊಳವೆಯ ತಿರುಪು ತಿರುಗಿಸಿದೊಡನೆ ಮಂಜಿನಂತಹ ಹನಿ ಇಳಿದು ಎಲ್ಲವೂ ಶಾಂತವಾಗುತ್ತಿತ್ತು. ತೇವವೆಂದರೆ ದೇವರ ಕೃಪೆ ಎಂಬ ನಂಬಿಕೆ ಅಲ್ಲಿಯೇ ಅವರ ಮೈಗೆ ಹತ್ತಿದ್ದು. ಊಟದ ಹೊತ್ತಿನಲ್ಲಿ ಓದು ಬಾರದ ಕೆಲಸಗಾರರನ್ನು ಸುತ್ತ ಕೂರಿಸಿಕೊಂಡು, ಯಂತ್ರಗಳ ಗದ್ದಲವನ್ನೂ ಮೀರಿ ದಿನಪತ್ರಿಕೆಯನ್ನು ಕೂಗಿ ಓದುತ್ತಿದ್ದವರೂ ಇವರೇ. ಗಿರಣಿ ಮುಚ್ಚಿದಾಗ ಓದುವ ದನಿ ಇವರಲ್ಲಿಯೇ ಉಳಿಯಿತು. ಕೇಳುವವರು ದಿಕ್ಕಿಗೊಬ್ಬರಾಗಿ ಹೋದರು.

ಆಮೇಲೆ ಹತ್ತು ಹಲವು ಕೆಲಸಗಳನ್ನು ಮಾಡಿ, ಕೊನೆಗೆ ಅವರು ಬಂದು ನಿಂತದ್ದು ಹರಿಹರದ ಹೊಳೆಯ ದಾರಿಯಲ್ಲಿದ್ದ ಚಿಕ್ಕದೊಂದು ವಸ್ತುಸಂಗ್ರಹಾಲಯದ ಕಾವಲಿಗೆ. ಅಲ್ಲಿನ ಒಳಗೋಣೆಯಲ್ಲಿ ನಲವತ್ತೆರಡು ತೊಗಲುಗೊಂಬೆಗಳಿದ್ದವು. ಮಲೆಬೆನ್ನೂರಿನ ಕಡೆಯ ಮೇಳವೊಂದು ಆಟ ನಿಲ್ಲಿಸಿದಾಗ ಕೈಮುಗಿದು ಒಪ್ಪಿಸಿ ಹೋದವು ಅವು. ಮೇಕೆಯ ತೊಗಲು, ನೂರು ವರ್ಷ ದಾಟಿದ್ದು. ಗಾಳಿಯಲ್ಲಿ ತೇವ ಏರಿದರೆ ತೊಗಲು ಹಿಗ್ಗಿ ಮಡಚಿಕೊಳ್ಳುತ್ತದೆ; ತೀರ ಇಳಿದರೆ ಬಿರಿಯುತ್ತದೆ. ಆದಕಾರಣ ಗೋಡೆಯ ತೇವಮಾಪಕದ ಮುಳ್ಳು ಐವತ್ತೈದರ ಆಸುಪಾಸಿನಲ್ಲಿಯೇ ನಿಲ್ಲಬೇಕು. ಕಿಟಕಿಗಳ ಸಂದಿಗಳನ್ನೆಲ್ಲ ಬಿಗಿದು, ಮೂಲೆಯಲ್ಲಿ ತೇವ ಹೀರುವ ಯಂತ್ರವೊಂದನ್ನು ಇರಿಸಿದ್ದರು. ಅದರ ತೊಟ್ಟಿಯಲ್ಲಿ ಕೂಡಿದ ನೀರನ್ನು ಕುಬೇರಪ್ಪನವರು ಅಂಗಳದ ದಾಸವಾಳಕ್ಕೆ ಸುರಿಯುತ್ತಿದ್ದರು. ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಮುಳ್ಳು ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ಅಂಕಿಯೂ ಸುಳ್ಳಲ್ಲ. ಎಂದು ನೋಡಿದರೂ ಐವತ್ತೈದು, ಹೆಚ್ಚೆಂದರೆ ಐವತ್ತಾರು.

ಹೀಗಿದ್ದೂ ಆ ವರ್ಷದ ಆಷಾಢದ ಮೊದಲಲ್ಲೇ ಅಶೋಕವನದ ಸೀತೆಯ ಸೆರಗು ಅಂಚಿನಿಂದ ಸುರುಳಿಗಟ್ಟಿತು. ಕೆಂಪು ಬಣ್ಣ ಸಣ್ಣ ಹಕ್ಕಳೆಗಳಾಗಿ ಎದ್ದು ಗಾಜಿನೊಳಗೇ ಉದುರಿತು. ಅದನ್ನು ಕಂಡಂದು ಕುಬೇರಪ್ಪನವರಿಗೆ ಊಟ ಸೇರಲಿಲ್ಲ. ಲೋಕಮಾತೆ ತನ್ನ ಕಾವಲಿನಲ್ಲಿ ಹೀಗಾದಳಲ್ಲ ಎಂದು ಒಳಗೊಳಗೇ ಬೆಂದರು.

ಆಡಳಿತದವರು ಹಳೆಯ ವಸ್ತುಗಳ ಸಂರಕ್ಷಣೆಯನ್ನೇ ಓದಿ ಬಂದ ಚೈತ್ರಾ ಎಂಬ ತರುಣಿಯನ್ನು ಕರೆಸಿದರು. ಆಕೆ ಸೀತೆಯ ಸೆರಗಿಗೆ ಮೆತ್ತನೆಯ ಭಾರವಿಟ್ಟು, ಬೆಂಕಿಪೊಟ್ಟಣದಷ್ಟು ಗಾತ್ರದ ಬಿಳಿಯ ಪೆಟ್ಟಿಗೆಯೊಂದನ್ನು ಗೋಡೆಗೆ ಅಂಟಿಸಿದಳು. "ಇದು ತೇವ ನೋಡುತ್ತೆ. ಮುಟ್ಟಬ್ಯಾಡ್ರಿ. ತಿಂಗಳು ಬಿಟ್ಟು ಬರ್ತೀನಿ," ಎಂದು ಹೇಳಿ ಹೋದಳು. ಗಿರಣಿಯ ಮಾಪಕಗಳಂತೆ ಇದೂ ಆ ಕ್ಷಣದ ತೇವವನ್ನಷ್ಟೇ ಬಲ್ಲುದೆಂದು ಕುಬೇರಪ್ಪನವರು ಭಾವಿಸಿದರು. ನೆನಪಿಟ್ಟುಕೊಳ್ಳುವ ಮಾಪಕವನ್ನು ಅವರು ಕಂಡಿರಲಿಲ್ಲ.

ತಿಂಗಳು ತುಂಬಿದ ಮೇಲೆ ಚೈತ್ರಾ ಉದ್ದನೆಯ ಕಾಗದವೊಂದನ್ನು ತಂದು ಮೇಜಿನ ಮೇಲೆ ಹರಡಿದಳು. ಕಸ ಗುಡಿಸುವ ಯಲ್ಲಕ್ಕನೂ ಪೊರಕೆ ಹಿಡಿದೇ ಇಣುಕಿದಳು. ಬೆಳಿಗ್ಗೆಯೆಲ್ಲ ನೆಟ್ಟಗೆ ಬಂದ ಗೆರೆಯೊಂದು ಮಧ್ಯಾಹ್ನ ಎರಡಕ್ಕೆ ದಿಬ್ಬವೇರಿ, ಮೂರೂವರೆಗೆ ಇಳಿಯತೊಡಗಿ, ಐದಕ್ಕೆ ಮತ್ತೆ ನೆಟ್ಟಗಾಗುತ್ತಿತ್ತು. ಮೂವತ್ತು ದಿನಕ್ಕೆ ಮೂವತ್ತು ದಿಬ್ಬ.

"ಹತ್ತು ನಿಮಿಷಕ್ಕೊಂದ್ಸಲ ಬರ್ಕೊಂಡಿರುತ್ತೆ ಇದು. ದಿನಾ ಮಧ್ಯಾಹ್ನ ಎಪ್ಪತ್ತಕ್ಕೆ ಹೋಗೈತೆ ನೋಡ್ರಿ. ತೊಗಲು ದಿನಾ ಉಬ್ಬಿ ದಿನಾ ಇಳಿದ್ರೆ ಬಣ್ಣ ಹೆಂಗೆ ಹಿಡ್ಕೊಂಡಿರುತ್ತೆ? ಹಿಂಗೇ ನಡೆದ್ರೆ ದೀಪಾವಳಿ ಹೊತ್ತಿಗೆ ಸೀತೆಗೆ ಮುಖಾನೇ ಇರಲ್ಲ." ಆಕೆ ಯಲ್ಲಕ್ಕನತ್ತ ತಿರುಗಿದಳು. "ಮಧ್ಯಾಹ್ನ ಹಸಿ ಬಟ್ಟೇಲಿ ನೆಲ ಒರೆಸ್ತೀರೇನಮ್ಮಾ?"

"ಅಯ್ಯ, ನಾನ್ಯಾಕ ಒರೆಸ್ಲಿ! ಬೆಳಿಗ್ಗೇನೇ ಒಣ ಬಟ್ಟೀಲಿ ಒರೆಸಿ ಮನೀಗೆ ಹೋದಾಕಿ ನಾನು. ಎರಡು ಗಂಟಿಗೆ ನಮ್ಮ ಎಮ್ಮಿ ಮೈ ತೊಳೀತಿರ್ತೀನಿ. ನಂಬಿಕಿ ಇಲ್ಲಂದ್ರ ಎಮ್ಮೀನೇ ಕೇಳ್ರಿ!"

"ಸೋಮವಾರ ರಜಾ. ಅವತ್ತೂ ಏರೈತೆ. ಕೀಲಿ ಯಾರ‍್ಯಾರ ಹತ್ರ ಐತೆ?"

"ಒಂದು ನನ್ನತ್ರ, ಒಂದು ಕುಬೇರಣ್ಣನತ್ರ."

"ರಜಾ ದಿನ ಇವರು ಆನೆಕೊಂಡದಿಂದ ಯಾಕೆ ಬರ್ತಾರೆ? ಹಂಗಾದ್ರೆ ನಿಮ್ಮ ಕೀಲಿ ಆಫೀಸಿಗೆ ಕೊಟ್ಟುಬಿಡ್ರಿ, ಯಲ್ಲಕ್ಕ. ರಿಪೋರ್ಟಲ್ಲಿ ನಾನು ಬರೀಲೇಬೇಕಾಗುತ್ತೆ."

ಯಲ್ಲಕ್ಕನ ನಗೆ ಅಲ್ಲಿಯೇ ಇಂಗಿತು. ಆ ಕೀಲಿ ಹೋದರೆ ಕೆಲಸವೂ ಹೋದಂತೆಯೇ ಎಂಬುದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು. ಕುಬೇರಪ್ಪನವರು ಮೇಜಿನ ಅಂಚನ್ನು ಹಿಡಿದುಕೊಂಡರು.

"ಅದು ನಾನು, ಮೇಡಂ."

"ನೀವಾ?"

"ಊಟ ಆದಮ್ಯಾಲೆ ಒಳಗೆ ಕುಂತು ಪೇಪರ್ ಓದ್ತೀನಿ. ಗಟ್ಟಿಯಾಗಿ."

"ಯಾರಿಗೆ?"

"ಇವಕ್ಕೆ," ಎಂದು ಅವರು ಕೋಣೆಯ ಕಡೆ ಗದ್ದ ಎತ್ತಿದರು.

ಯಲ್ಲಕ್ಕನಿಗೆ ಹೋದ ಜೀವ ಬಂದಿತು. "ಗೊಂಬಿಗಳಿಗಾ? ಭದ್ರಾ ನಾಲೆಗೆ ನೀರು ಬಿಟ್ರು ಅಂದ್ರ ರಾವಣ ಏನಂತಾನಣ್ಣಾ?"

"ಸುಮ್ನೆ ಕೇಳ್ತಾನೆ, ಯಲ್ಲಕ್ಕ. ಅರ್ಧಕ್ಕೆ ಎದ್ದು ಹೋಗಲ್ಲ."

ಚೈತ್ರಾ ನಗಲಿಲ್ಲ. "ಒಬ್ಬರ ಉಸಿರಿಗೆ ಇಷ್ಟೊಂದು ಏರಲ್ಲ ರೀ. ಮೆಷಿನ್ ಓಡ್ತಿತ್ತಾ?"

"ಆಫ್ ಮಾಡ್ತಿದ್ದೆ. ಗುರ್ ಅಂತೈತೆ. ಗಿರಣ್ಯಾಗೆ ಇದ್ದಷ್ಟು ದಿನಾನೂ ಕೂಗಿ ಕೂಗಿ ಓದಿದ್ದು. ಇಲ್ಲಾದ್ರೂ ಮೆಲ್ಲಗೆ ಓದಾಣ ಅಂತ. ಒಂದೂವರೆ ತಾಸು ಅಷ್ಟೇ. ತೇವದಿಂದ ಯಾರಿಗೇನು ಕೆಡುಕಾದೀತು ಅಂದ್ಕಂಡಿದ್ದೆ."

"ರಜಾ ದಿನಾನೂ ಬರ್ತಿದ್ರಾ, ಆನೆಕೊಂಡದಿಂದ?"

ಅವರು ಕಾಗದದಲ್ಲಿ ಸೋಮವಾರದ ದಿಬ್ಬವೊಂದರ ಮೇಲೆ ಬೆರಳಿಟ್ಟರು.

ಚೈತ್ರಾ ವರದಿಯಲ್ಲಿ ಯಾರ ಹೆಸರನ್ನೂ ಬರೆಯಲಿಲ್ಲ. ಯಂತ್ರ ಹಗಲಿರುಳೂ ನಡೆಯಬೇಕು, ಯಾರೇ ಆಗಲಿ ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಒಳಗಿರಕೂಡದು ಎಂದಷ್ಟೇ ಬರೆದಳು. ಹೊರಡುವಾಗ ಕುಬೇರಪ್ಪನವರ ಹತ್ತಿರ ಬಂದು, "ಹೊರಗೆ ಪಡಸಾಲೇಲಿ ಕುಂತು ಓದ್ರಿ," ಎಂದಳು.

"ಹೊರಗೆ ಯಾರದಾರೆ, ಮೇಡಂ?"

"ನಾ ಇಲ್ಲೇನು? ಎಮ್ಮಿ ಕಟ್ಟಿ ಬರ್ತೀನಿ ತಗೊ," ಎಂದಳು ಯಲ್ಲಕ್ಕ. ಆಡಿದಂತೆ ಎರಡು ದಿನ ಬಂದಳು. ಮೊದಲ ದಿನ ಕೇಳಿದಳು. ಎರಡನೆಯ ದಿನ ಕಂಬಕ್ಕೊರಗಿ ತೂಕಡಿಸಿದಳು. ಮೂರನೆಯ ದಿನ ಭಾನುವಳ್ಳಿಯಿಂದ ಮಗಳು ಬಂದಿದ್ದಳು. ಆಮೇಲೆ ಯಲ್ಲಕ್ಕನನ್ನು ಕರೆಯಲು ಇವರಿಗೆ ನಾಚಿಕೆಯಾಯಿತು.

ಶ್ರಾವಣವೆಲ್ಲ ಹೀಗೆ ಸಾಗಿತು. ಎರಡು ಗಂಟೆಗೆ ಬುತ್ತಿ ಮುಗಿಸಿ, ಕೈ ತೊಳೆದು, ಕುಬೇರಪ್ಪನವರು ಮುಚ್ಚಿದ ಬಾಗಿಲಿನ ಎದುರಿನ ಬೆಂಚಿನ ಮೇಲೆ ಪತ್ರಿಕೆ ಬಿಡಿಸಿ ಕೂರುತ್ತಿದ್ದರು. ಒಳಗೆ ಯಂತ್ರ ಗುನುಗುತ್ತಿತ್ತು. ತಲೆಬರಹದ ಮೊದಲೆರಡು ಮಾತು ಬಾಯಿಗೆ ಬಂದು, ಮುಂದಿನದು ಕಣ್ಣಿನಲ್ಲಿಯೇ ಓದಿ ಮುಗಿಯುತ್ತಿತ್ತು. ಒಮ್ಮೆ ಕೈ ತಾನಾಗಿಯೇ ಅಗಳಿಯವರೆಗೆ ಹೋಯಿತು. ದೀಪಾವಳಿ ಎಂದು ಚೈತ್ರಾ ಅಂದದ್ದು ನೆನಪಾಗಿ ಹಿಂದಕ್ಕೆ ಬಂದಿತು. ಸೋಮವಾರಗಳಂದು ಅವರು ಆನೆಕೊಂಡದಲ್ಲಿಯೇ ಉಳಿದು, ಆಗಲೇ ಒಗೆದಿದ್ದ ಪಂಚೆಯನ್ನು ಮತ್ತೊಮ್ಮೆ ಒಗೆದರು.

ಭಾದ್ರಪದದ ಮೊದಲ ವಾರ ಚೈತ್ರಾ ಹೊಸ ಕಾಗದವನ್ನು ಕಳುಹಿಸಿ, ಫೋನು ಮಾಡಿದಳು. "ಗೆರೆ ಎಷ್ಟು ನೆಟ್ಟಗೈತೆ ನೋಡಿದ್ರಾ? ದೊಡ್ಡ ಮ್ಯೂಸಿಯಮ್ಮಿನಾಗೂ ಹಿಂಗೆ ಬರಲ್ಲ. ಸೀತೆ ಉಳಿದ್ಲು ಬಿಡ್ರಿ!"

"ನಿಮ್ಮ ಪುಣ್ಯ, ತಾಯಿ," ಎಂದು ಅವರು ಫೋನು ಇಟ್ಟರು.

ಕಾಗದವನ್ನು ಮೊಣಕಾಲ ಮೇಲೆ ಹರವಿಕೊಂಡು ಬಹಳ ಹೊತ್ತು ನೋಡಿದರು. ಹಿಂದಿನ ಕಾಗದದಲ್ಲಿ ಬೆರಳಿಟ್ಟು ತೋರಿಸಬಹುದಿತ್ತು: ನಾಲೆಗೆ ನೀರು ಬಿಟ್ಟ ಸುದ್ದಿ ಓದಿದ್ದು ಈ ದಿಬ್ಬ, ಎರಡು ಪುಟ ಹೆಚ್ಚು ಓದಿದ ಭಾನುವಾರದ್ದು ಆ ಎತ್ತರದ ದಿಬ್ಬ. ಇದರಲ್ಲಿ ಮೂವತ್ತು ದಿನವೂ ಗೆರೆ ಒಂದೇ ಸಮನಿತ್ತು. ಕುಬೇರಪ್ಪನೆಂಬ ಮನುಷ್ಯನೊಬ್ಬ ಆ ಕಟ್ಟಡದಲ್ಲಿದ್ದನೆಂಬ ಗುರುತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಅವರು ಎದ್ದು ಬಾಗಿಲು ತೆರೆದರು. ಉಸಿರಿನ ತೇವ ತಾಕದಂತೆ ಹೆಗಲ ವಲ್ಲಿಯ ಅಂಚಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಸೀತೆಯ ಸೆರಗು ಗಾಜಿನ ಅಡಿಯಲ್ಲಿ ಮಟ್ಟಸವಾಗಿ ಹರಡಿತ್ತು. ಹೊಸದಾಗಿ ಉದುರಿದ ಬಣ್ಣ ಒಂದು ಕಣವೂ ಕಾಣಲಿಲ್ಲ. ಇನ್ನೊಂದು ಕೈಯನ್ನು ಎದೆಗಿಟ್ಟು ತಲೆಬಾಗಿದರು. ಹತ್ತು ನಿಮಿಷದ ಅಪ್ಪಣೆಯಿತ್ತು. ಎಂಟು ನಿಮಿಷಕ್ಕೇ ಹೊರಬಂದು ಬಾಗಿಲನ್ನು ಎಳೆದುಕೊಂಡರು.