ಕೊಯ್ಯದ ತುಳಸಿ

ಶ್ರೀಹರಿಯ ಪಾದಗಳಿಗೆ ವಂದಿಸಿ, ಕಾರ್ತಿಕ ಶುದ್ಧ ದ್ವಾದಶಿಯ ಈ ಪುಣ್ಯದಿನ ಡಬ್ಲಿನ್ನಿನಿಂದ ಬರೆಯುತ್ತಿದ್ದೇನೆ.

ಇಂದು ಮೊಮ್ಮಗಳೊಡನೆ ಇಲ್ಲಿನ ಸಸ್ಯೋದ್ಯಾನಕ್ಕೆ ಹೋಗಿದ್ದೆ. ಗುಲಾಬಿ ತೋಟವನ್ನೂ ಕಳ್ಳಿಗಿಡಗಳ ಮನೆಯನ್ನೂ ದಾಟಿ, ಔಷಧೀಯ ಸಸ್ಯಗಳಿದ್ದ ಬೆಚ್ಚನೆಯ ಗಾಜಿನ ಮನೆಯನ್ನು ಹೊಕ್ಕೊಡನೆ ತುಳಸಿಯ ಪರಿಮಳವು ನನ್ನನ್ನು ಬಾಲ್ಯದ ಬೆಂಗಳೂರಿಗೆ ಒಯ್ದಿತು.

ಅಂದೂ ದ್ವಾದಶಿ. ಏಕಾದಶಿಯ ನಿರ್ಜಲ ಉಪವಾಸದಿಂದ ಅಜ್ಜಿ ಬಹಳ ಬಳಲಿದ್ದರು. ಮನೆಯ ಬೃಂದಾವನದ ಗಿಡ ಒಣಗಿಹೋಗಿತ್ತು. ತುಳಸಿಯ ತೀರ್ಥವಿಲ್ಲದೆ ಅವರು ಗುಟುಕು ನೀರನ್ನೂ ಮುಟ್ಟುವವರಲ್ಲ. ಅಪ್ಪ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಲಾಲ್‌ಬಾಗಿಗೆ ಧಾವಿಸಿ, ಮಾಲಿಯ ಅನುಮತಿ ಪಡೆದು ಒಂದು ಕುಡಿಯನ್ನು ಕೊಯ್ದು ತಂದರು.

ಅಜ್ಜಿ ಮುಖ ತಿರುಗಿಸಿದರು. “ದ್ವಾದಶಿ ದಿನ ತುಳಸಿ ಕೊಯ್ತಾರೇನೋ? ಇಷ್ಟು ಓದಿ ಏನು ಬಂತು ನಿಂಗೆ!”

ಅಪ್ಪನ ಮುಖ ಬಾಡಿತು. ನಾನು ಮೆಲ್ಲಗೆ ಮುಷ್ಟಿ ಬಿಚ್ಚಿದೆ. ವಾಸನೆ ನೋಡಲೆಂದು ಲಾಲ್‌ಬಾಗಿನ ಗಿಡದ ಬುಡದಲ್ಲಿ ಆಯ್ದುಕೊಂಡಿದ್ದ ದಳವೊಂದು ಅದರಲ್ಲಿತ್ತು.

“ಅಜ್ಜಿ, ಇದು ತಾನಾಗೇ ಬಿದ್ದಿತ್ತು.”

“ನಿಮ್ಮಪ್ಪನಿಗಿಂತ ನೀನೇ ವಾಸಿ ಕಣೋ,” ಎಂದು ನಕ್ಕು ಅಜ್ಜಿ ತೀರ್ಥ ಸ್ವೀಕರಿಸಿದರು. ಆ ಮೊದಲ ಗುಟುಕು ಅವರ ಗಂಟಲಿನಲ್ಲಿ ಇಳಿಯುವುದನ್ನೇ ನೋಡುತ್ತ ಅಪ್ಪ ಧೋತ್ರದ ಅಂಚಿನಿಂದ ಕಣ್ಣೊರೆಸಿಕೊಂಡರು.

ಗಾಜಿನ ಮನೆಯಲ್ಲಿ ನಿಂತು ನಾನು ಹೇಳಿದ ಇದನ್ನೆಲ್ಲ ಕೇಳಿದ ಮೊಮ್ಮಗಳು, ಗಿಡಗಳಿಗೆ ನೀರುಣಿಸುತ್ತಿದ್ದ ಹೆಂಗಸಿನ ಬಳಿಗೆ ಓಡಿ ಏನನ್ನೋ ಕೇಳಿ ಬಂದಳು. ಬಗ್ಗಿ, ಮಣ್ಣಿನ ಮೇಲಿದ್ದ ಒಂದು ದಳವನ್ನೆತ್ತಿ ನನ್ನ ಅಂಗೈಯಲ್ಲಿಟ್ಟಳು.

“ತಗೋಬಹುದಂತೆ ತಾತ. ಬಿದ್ದಿರೋದೇ ಇದು, ಇಟ್ಸ್ ಗ್ರ್ಯಾಂಡ್!” ಎಂದಳು, ‘ಪರವಾಗಿಲ್ಲ’ ಎನ್ನಲು ಇಲ್ಲಿಯವರು ಆಡುವ ಮಾತಿನಲ್ಲಿ.

ಅಂದಿನ ಮಾಲಿಗೂ ಇಂದು ನೀರುಣಿಸುತ್ತಿದ್ದ ಆ ತಾಯಿಗೂ, ಅಜ್ಜಿಯನ್ನೇ ಕಾಣದೆ ಅಜ್ಜಿಯ ಮನಸ್ಸನ್ನು ಅರಿತ ಈ ಕೂಸಿಗೂ, ಶ್ರೀಹರಿಯು ಸದಾ ಹಸಿರಾದ ಬಾಳನ್ನು ಕರುಣಿಸಲಿ.