ಶಶಿಕಲಾಳ ಬಲಮಂಡಿ

ಎಕ್ಸ್‌ರೇ ಫಿಲ್ಮನ್ನು ಒದರಿದರೆ ತಗಡು ಅಲುಗಿದ ಹಾಗೆ ವಬ್ ವಬ್ ಎನ್ನುತ್ತದೆ. ಆ ದಿನ ಸೊಸೆಯ ಫಿಲ್ಮನ್ನು ಹಾಗೆ ಒದರುತ್ತಲೇ ಒಳಗೆ ಬಂದವರು ಪುಟ್ಟಮ್ಮ. ಅಜ್ಜಂಪುರ ತಾಲ್ಲೂಕಾದ ಹೊಸತು. ರಿಟೈರ್ ಆಗುವ ಮುಂಚೆ ನಾನು ತರೀಕೆರೆಯಿಂದ ವಾರಕ್ಕೊಮ್ಮೆ ಅಲ್ಲಿನ ಒಂದು ಕ್ಲಿನಿಕ್ಕಿಗೆ ಮೂಳೆ ಡಾಕ್ಟರಾಗಿ ಹೋಗುತ್ತಿದ್ದೆ.

"ಮೂಳೆ ನೆಟ್ಟಗೈತೆ ಅಂತ ಕಡೂರಲ್ಲೇ ಹೇಳವ್ರೆ ಕಣ್ರೀ. ಎಮ್ಮೆ ಒರಗಿದ್ದಕ್ಕೆ ಹಬ್ಬದಿಂದ ರಾಣಿ ಹಂಗೆ ಮಲಗವ್ಳೆ. ಕೆಲಸ ಆಗಲ್ಲ ಅಂದ್ರೆ ಸಿಂಗಟಗೆರೆಗೆ, ಅವರಪ್ಪನ ಮನೆಗೆ ಬಿಟ್ಟು ಬತ್ತೀವಿ."

"ಕಾಲೂರಿದ್ರೆ ನೋಯ್ತದೆ ಮೇಡಂ," ಎಂದಳು ಸೊಸೆ ಶಶಿಕಲಾ. ಗಂಡ ಲೋಕೇಶನ ಕೈಯಲ್ಲಿ ಆಗಲೇ ಅವಳ ಬಟ್ಟೆಯ ಬ್ಯಾಗಿತ್ತು.

ಮಂಡಿಯ ಎರಡೂ ಪಕ್ಕಕ್ಕೆ ಒಂದೊಂದು ಲಿಗಮೆಂಟ್, ಅಂದರೆ ಎಲುಬಿಗೆ ಎಲುಬನ್ನು ಕಟ್ಟಿರುವ ಪಟ್ಟಿ. ಹೊರಗಿನದು ಹುರಿಯ ಹಾಗೆ ಗುಂಡಗೆ, ಒಳಗಿನದು ರಿಬ್ಬನ್ನಿನ ಹಾಗೆ ಅಗಲ. ಎಮ್ಮೆ ಹೊರಬದಿಯಿಂದ ತಳ್ಳಿದರೆ ಹರಿಯುವುದು ಒಳಗಿನದು. ಎಕ್ಸ್‌ರೇಯಲ್ಲಿ ಅದು ಕಾಣುವುದೇ ಇಲ್ಲ. ಕಾಲು ನೆಟ್ಟಗೆ ಚಾಚಿದ್ದರೆ ಉಳಿದ ಕಟ್ಟುಗಳು ಹಿಡಿದುಬಿಡುತ್ತವೆ. ಮಂಡಿಯನ್ನು ಸ್ವಲ್ಪ ಮಡಿಸಿ, ಪಾದವನ್ನು ಹೊರಕ್ಕೆ ಎಳೆದು ನೋಡಬೇಕು. ನೋಡಿದೆ. ಒಳಬದಿ ಬಾಯಿಬಿಟ್ಟಿತು. ಶಶಿಕಲಾ ತುಟಿ ಕಚ್ಚಿದಳು. ಪಾರ್ಶಿಯಲ್ ಟೇರ್, ಪಟ್ಟಿ ಅರ್ಧ ಹರಿದಿದೆ. ಡಯಾಗ್ನೋಸಿಸ್ ಅಲ್ಲಿಗೆ ಮುಗಿದಿತ್ತು.

"ನಂಗೇನೂ ಕಾಣ್ಲಿಲ್ಲಪ್ಪ," ಎಂದರು ಪುಟ್ಟಮ್ಮ.

ಕಾನ್ವೆಂಟಿನ ಡಿಬೇಟುಗಳಲ್ಲಿ ಸೋತು ಅಭ್ಯಾಸವಿಲ್ಲದವಳು ನಾನು. ಅವರ ಬೆರಳನ್ನೇ ಕೀಲಿನ ಮೇಲೆ ಇರಿಸಿ ಮತ್ತೆ ಎಳೆದೆ. "ಬಿಟ್ಕೊಳ್ತದಲ್ಲೋ ಲೋಕಿ," ಎಂದು ಕೈ ಹಿಂತೆಗೆದರು. "ಎಲ್ಲಿ?" ಎಂದ ಅವನು. ಅವನ ಬೆರಳಿಟ್ಟೂ ಎಳೆದೆ.

ಆಗ ಶಶಿಕಲಾ ಮೆತ್ತಗೆ ಅಂದಳು: "ನೋಯ್ತದೆ ಅಂತ ನಾನೇ ಹೇಳಿದ್ನಲ್ಲ ಮೇಡಂ. ನಿಮ್ಗೂ ಅದು ಸಾಲ್ದಾಯ್ತಾ?"

ಬ್ಯಾಗು ಅವಳ ಜೊತೆಗೇ ಗಂಡನ ಮನೆಗೆ ವಾಪಸಾಯಿತು. ಕಾಲಿಗೆ ಮಂಡಿ ಅಲುಗದಂತೆ ಬಿಗಿಯುವ ಬ್ರೇಸ್ ಬಂತು. ಹಾಲು ಕರೆಯೋಕೆ ಪುಟ್ಟಮ್ಮನವರೇ ಕೂತರಂತೆ. ಕಾಲು ವಾಸಿಯೂ ಆಯಿತು, ಎಲ್ಲರೂ ಹೊಗಳಿದರು. ಆ ಹೊಗಳಿಕೆ ಕೇಳುವಾಗೆಲ್ಲ ನನಗೆ ನಾಚಿಕೆ. ಇನ್ನಷ್ಟು ಹರಿಯಬಹುದೆಂದು ತಿಳಿದೂ ಎಳೆದಿದ್ದೆನಲ್ಲ. ಮನೆಯವರನ್ನು ಒಪ್ಪಿಸುವ ಕೆಲಸ ಡಾಕ್ಟರ ಬಾಯಿಯದು; ಅದನ್ನು ಪೇಷೆಂಟಿನ ಕಾಲಿನ ಮೇಲೆ ಹೊರಿಸಬಾರದು. ಇಷ್ಟು ಸರ್ವೀಸಿನ ಕೊನೆಗೆ ಕಲಿತ ಪಾಠ.

ಅವಳನ್ನು ಕೊನೆಯ ಸಲ ನೋಡಿದ್ದು ಬೀರೂರಿನ ಬಸ್ಸಿನಲ್ಲಿ. "ಈಗ ಓಡಾಡ್ಕೊಂಡಿದೀನಿ ಕಣ್ರೀ ಮೇಡಂ," ಎಂದು ನಗುತ್ತಾ ಪಕ್ಕದಲ್ಲೇ ಕೂತಳು. "ಎಲ್ಲಿ, ನೋಡೋಣ," ಎಂದು ಅಭ್ಯಾಸಬಲದಿಂದ ಕೈ ಚಾಚಿದೆ. ನಗು ಹಾಗೇ ಇತ್ತು. ಬಲಗಾಲನ್ನು ಮಾತ್ರ ಮೆಲ್ಲಗೆ ಹಿಂದಕ್ಕೆಳೆದುಕೊಂಡು, ಮಂಡಿಯ ಮೇಲೆ ಸೆರಗು ಹರಡಿಕೊಂಡಳು.