ಮಡಕೆಯ ಕೆಳಗೆ ಲೆನ್ಸ್ ಹುಡ್

ಬೀದಿಯವರೆಲ್ಲ ಅವಳನ್ನು ಫೋಟೋ ಅಕ್ಕ ಎನ್ನುತ್ತಿದ್ದರು. ಹದಿನಾಲ್ಕು ವರ್ಷ ಸ್ಟುಡಿಯೋ ಒಂದರ ಹಿಂದಿನ ಕೋಣೆಯಲ್ಲಿ ಕುಳಿತು ಬೇರೆಯವರ ಮದುವೆ ಫೋಟೋಗಳಲ್ಲಿ ಮೊಡವೆ ಅಳಿಸಿದವಳು, ನಲವತ್ತೊಂದರಲ್ಲಿ ಪತ್ರಿಕೆಯ ಛಾಯಾಗ್ರಾಹಕಿಯಾಗಿದ್ದಳು. ಅದೂ ಆರು ತಿಂಗಳ ಮಟ್ಟಿಗೆ. ಆ ಆರು ತಿಂಗಳು ಈ ವಾರ ಮುಗಿಯುತ್ತಿತ್ತು.

"ಹೆಣ್ಣುಮಕ್ಕಳ ನಾನೂರು ಮೀಟರ್ ಫೈನಲ್, ಮುಖಪುಟಕ್ಕೆ," ಎಂದಿದ್ದರು ಸಂಪಾದಕರು. "ಚಿತ್ರ ಬಂದ್ರೆ ಕೆಲಸ ಖಾಯಂ. ಬರದಿದ್ರೆ ನನ್ನ ಕೈಲೇನೂ ಇಲ್ಲಮ್ಮ."

ಈಗ ಕ್ರೀಡಾಂಗಣದಲ್ಲಿ, ಗೆಲುವಿನ ಗೆರೆಯ ಹಿಂದೆ ಮಂಡಿಯೂರಿ ಚೀಲ ತೆರೆದು ತಳದವರೆಗೂ ತಡಕಾಡಿದಳು. ಉದ್ದನೆಯ ಜೂಮ್ ಲೆನ್ಸ್ ಇತ್ತು, ಬಿಸಿಲು ತಡೆಯಲು ಅದರ ಮೂತಿಗೆ ಹಾಕುವ ಬಳೆಯಂಥ ಹುಡ್ ಇರಲಿಲ್ಲ. ಓಟಗಾರ್ತಿಯರು ಬರುವ ಕಡೆಯಿಂದಲೇ ಇಳಿಬಿಸಿಲು ಓರೆಯಾಗಿ ಬಂದು ಲೆನ್ಸಿನ ಗಾಜಿಗೆ ಬಡಿಯುತ್ತಿತ್ತು. ಒಂದು ಚಿತ್ರ ತೆಗೆದು ನೋಡಿದಳು. ಮಜ್ಜಿಗೆ ಚೆಲ್ಲಿದ ಹಾಗೆ ಎಲ್ಲ ಬೆಳ್ಳಗೆ.

ಹುಡ್ ಎಲ್ಲಿ ಹೋಯಿತೆಂದು ಅವಳಿಗೇ ಗೊತ್ತಿತ್ತು. ನಿನ್ನೆಯ ಮೈದಾನದ ಕೆಸರು ಮೆತ್ತಿತ್ತೆಂದು ಬೆಳಿಗ್ಗೆ ಪಾತ್ರೆಗಳ ಜೊತೆಗೇ ತೊಳೆದು, ತಟ್ಟೆಗಳ ಪಕ್ಕ ಬೋರಲು ಹಾಕಿದ್ದಳು. ಆಮೇಲೆ ಮಗಳ ಜಡೆ, ಮೂವರ ಊಟದ ಡಬ್ಬಿ, ಅತ್ತೆಯ ಮಾತ್ರೆ, ಗಂಡನ ಕಾಣದ ಕಾಲುಚೀಲ. ಅಷ್ಟರ ನಡುವೆ ತನ್ನದೊಂದನ್ನು ಮರೆತಿದ್ದಳು.

ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಅತ್ತೆ.

"ಆ ಕರೀ ಬಳೆನಾ? ಗುಂಡು ಮಡಕೆ ಕೆಳಗೆ ಇಟ್ಟಿದ್ದೀನಿ ಕಣೇ. ಅಳತೆ ಕೊಟ್ಟು ಮಾಡ್ಸಿದಂಗಿದೆ. ಈಗ ಮಡಕೆ ಒಂಚೂರೂ ಅಲ್ಲಾಡಲ್ಲ!"

"ಅತ್ತೆ, ಅದು ಬೇಕು. ಇವ್ರು ಮಧ್ಯಾಹ್ನದಿಂದ ರಜೆ ಅಲ್ವಾ, ಗಾಡೀಲಿ ತಂದುಕೊಡೋಕೆ ಹೇಳಿ. ಇನ್ನು ಇಪ್ಪತ್ತೈದು ನಿಮಿಷ ಇದೆ."

ಫೋನು ಕೈ ಬದಲಾಯಿತು. ಗಂಡನ ದನಿಯ ಹಿಂದೆ ಟೀವಿಯ ಗದ್ದಲ.

"ಪ್ಲಾಸ್ಟಿಕ್ ಬಳೆಗೆ ಇಷ್ಟು ರಂಪನಾ? ಬಿಸಿಲು ತಾನೇ, ಕೈ ಅಡ್ಡ ಹಿಡ್ಕೊಂಡ್ರಾಯ್ತಪ್ಪ."

"ಎರಡು ಕೈಯೂ ಕ್ಯಾಮೆರಾ ಮೇಲಿರುತ್ತೆ."

"ಏನೋ ಒಂದು ಮಾಡು. ಆಮೇಲೆ, ಪಾಪುವಿನ ಪ್ರಾಜೆಕ್ಟಿಗೆ ಚಾರ್ಟ್ ಮರೀಬೇಡ."

ಚಾರ್ಟ್! ಬರುವ ದಾರಿಯಲ್ಲೇ ಕೊಂಡಿದ್ದಳು. ಚೀಲದ ಪಕ್ಕದಲ್ಲಿ ಸುರುಳಿಯಾಗಿ ನಿಂತಿತ್ತು, ಅಚ್ಚ ಕರಿಯ ದಪ್ಪ ಕಾಗದ.

ಫೋನ್ ಜೇಬಿಗಿಳಿಸಿ, ಚಾರ್ಟನ್ನು ಅರ್ಧಕ್ಕೆ ಹರಿದು ಲೆನ್ಸಿನ ಮೂತಿಗೆ ಸುತ್ತಿದಳು. ಜಡೆಯ ರಬ್ಬರ್ ಬ್ಯಾಂಡ್ ಕಿತ್ತು ಬಿಗಿದಳು. ಕೂದಲು ಮುಖದ ಮೇಲೆ ಬಿತ್ತು. ಪಕ್ಕದಲ್ಲಿದ್ದ ಇನ್ನೊಂದು ಪತ್ರಿಕೆಯ ಹಿರಿಯ ಛಾಯಾಗ್ರಾಹಕ ನಕ್ಕ.

"ಏನ್ ಮೇಡಂ, ಒಲೆ ಊದೋ ಕೊಳವೆ ತಂದಿದ್ದೀರಾ?"

"ಹೌದು ಸರ್. ಹತ್ರ ಬರ್ಬೇಡಿ, ಕಿಡಿ ಹಾರುತ್ತೆ."

ಕಣ್ಣಿಟ್ಟು ನೋಡಿದಳು. ಬಿಳುಪು ಹೋಗಿತ್ತು. ಆದರೆ ಚಿತ್ರದ ನಾಲ್ಕೂ ಮೂಲೆ ಕಪ್ಪು. ಕೊಳವೆ ಉದ್ದವಾಗಿತ್ತು. ಬಿಚ್ಚಿ, ನಾಲ್ಕು ಬೆರಳಗಲ ಹಲ್ಲಿನಿಂದ ಕಚ್ಚಿ ಹರಿದು ಮತ್ತೆ ಕಟ್ಟಿದಳು. ಪೂರ್ತಿ ಜೂಮ್ ಮಾಡಿದರೆ ಮೂಲೆಗಳು ಈಗ ಸ್ವಚ್ಛ. ಹಿಂದಕ್ಕೆ ತಂದರೆ ಮಾತ್ರ ಕಾಗದದ ಅಂಚು ಇಣುಕುತ್ತಿತ್ತು. ಇನ್ನಷ್ಟು ಹರಿಯೋಣವೆಂದರೆ ಎಂಟೂ ಹುಡುಗಿಯರು ಆಗಲೇ ಬಗ್ಗಿ ನಿಂತಿದ್ದರು.

ಪಿಸ್ತೂಲು ಸಿಡಿಯಿತು.

ಜೂಮ್ ಹಿಂದಕ್ಕೆ ತರದೆ ಎಂಟು ಜನರನ್ನೂ ಒಂದೇ ಚೌಕಟ್ಟಿಗೆ ತರುವ ಹಾಗಿರಲಿಲ್ಲ. ಒಬ್ಬಳನ್ನು ಆರಿಸಬೇಕು, ತಪ್ಪಿದರೆ ಮುಗಿಯಿತು. ಎಲ್ಲರೂ ಗೆಲ್ಲುತ್ತಾಳೆಂದ ನಾಲ್ಕನೇ ಸಾಲಿನವಳನ್ನು ಹಿಡಿದಳು. ಕೊನೆಯ ತಿರುವು ದಾಟಿತು. ಗಾಳಿಗೆ ಕೊಳವೆ ಪಟಪಟ ಎಂದಿತು. ರಬ್ಬರ್ ಜಾರುತ್ತಿರುವುದು ಎಡಗೈಗೆ ತಿಳಿಯಿತು, ಕಿರುಬೆರಳಿನಿಂದ ಒತ್ತಿಕೊಂಡಳು. ಇನ್ನು ಮೂವತ್ತು ಮೀಟರ್ ಇರುವಾಗ ನಾಲ್ಕನೆಯವಳ ಭುಜ ಸೋತಿತು. ಬಿಟ್ಟಿದ್ದ ಎಡಗಣ್ಣಿಗೆ ಎರಡನೇ ಸಾಲಿನಲ್ಲಿ ಯಾರೋ ನುಗ್ಗುತ್ತಿರುವುದು ಕಂಡಿತು. ಉಸಿರು ಕಟ್ಟಿ ಲೆನ್ಸನ್ನು ಅತ್ತ ತಿರುಗಿಸಿ ಗುಂಡಿ ಒತ್ತಿ ಹಿಡಿದಳು. ಆ ಹುಡುಗಿ ಗೆರೆ ದಾಟುವುದಕ್ಕೂ ಕಾಗದ ಕಳಚಿ ನೆಲಕ್ಕೆ ಬೀಳುವುದಕ್ಕೂ ಸರಿಹೋಯಿತು.

ಕಚೇರಿಯಲ್ಲಿ ಸಂಪಾದಕರು ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದರು. ಪರದೆಯಲ್ಲಿ ಒಂದೇ ಮುಖ, ಕಚ್ಚಿದ ಹಲ್ಲು, ಹುಬ್ಬಿನ ಮೇಲಿನ ಬೆವರಹನಿಯೂ ಸ್ಪಷ್ಟ.

"ಎಲ್ರೂ ಎಂಟು ಜನರನ್ನ ತರ್ತಾರೆ," ಎಂದರು ಕೊನೆಗೆ. "ನೀನು ಒಬ್ಬಳನ್ನೇ ತಂದಿದ್ದೀಯ. ಇಷ್ಟು ಹತ್ರ ಹೋಗೋ ಧೈರ್ಯ ಎಲ್ಲಿಂದ ಬಂತು?"

"ಹಿಂದೆ ಬರೋ ಹಾಗಿರ್ಲಿಲ್ಲ ಸರ್."

"ಒಂದನೇ ತಾರೀಕಿಗೆ ಬಂದು ಸಹಿ ಹಾಕು."

ಅವಳು ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಟೀವಿಯಿಂದ ಕಣ್ಣು ತೆಗೆಯದೆ ಗಂಡ ಕೇಳಿದ, "ಚಾರ್ಟ್ ಎಲ್ಲಿ?"

"ಹರಿದುಹೋಯ್ತು. ಅಂಗಡಿ ಎಂಟು ಗಂಟೆವರೆಗೂ ತೆಗೆದಿರುತ್ತೆ. ಕರೀದೇ ತನ್ನಿ, ದಪ್ಪಗಿರ್ಲಿ."

ಅಡುಗೆಮನೆಗೆ ಹೋಗಿ, ಮಡಕೆಯನ್ನು ಒಂದು ಕೈಯಲ್ಲಿ ಓರೆ ಮಾಡಿ, ಹುಡ್ ಎಳೆದುಕೊಂಡಳು. ಒರೆಸಿ ಲೆನ್ಸಿಗೆ ತಿರುವಿದಾಗ ಅದು ಟಕ್ಕೆಂದು ಕೂತಿತು. ಅವಳು ಕೈಬಿಟ್ಟ ಮಡಕೆ ಕಟ್ಟೆಯ ಮೇಲೆ ಓಲಾಡತೊಡಗಿತು.

"ಅಯ್ಯೋ, ಉರುಳುತ್ತೆ ಕಣೇ!" ಅತ್ತೆ ಓಡಿಬಂದು ಅದನ್ನು ತಬ್ಬಿಕೊಂಡರು. "ಇದಕ್ಕೇನು ಮಾಡ್ಲಿ ಈಗ?"

"ನಿಮ್ಮ ಮಗನ್ನ ಕರೀರಿ ಅತ್ತೆ," ಎಂದಳು ಅವಳು. "ಕೈ ಅಡ್ಡ ಹಿಡ್ಕೊಂಡ್ರಾಯ್ತಪ್ಪ."